ಚಾಸರ್‌ನ ಹಸ್ತಪ್ರತಿ: ಪುಟ ನೋಡಿ, ಗಟ್ಟಿಯಾಗಿ ಓದುವ ಬಗೆ

ಇಂಗ್ಲಿಷ್ ಕವಿ ಜೆಫ್ರಿ ಚಾಸರ್ 1380ರ ದಶಕದಲ್ಲಿ ಬರೆದ ‘ಟ್ರಾಯ್ಲಸ್ ಅಂಡ್ ಕ್ರಿಸೈಡ್’ ಕಾವ್ಯದಲ್ಲಿ ಒಂದು ಸಣ್ಣ ಸಂದರ್ಭ ಬರುತ್ತದೆ. ಪಾಂಡರಸ್ ಕ್ರಿಸೈಡ್‌ಳ ಮನೆಗೆ ಹೋಗುತ್ತಾನೆ. ಅವಳು ಇನ್ನಿಬ್ಬರು ಹೆಂಗಸರ ಜೊತೆ ಕೂತಿದ್ದಾಳೆ. ಒಬ್ಬ ಹುಡುಗಿ ಥೀಬ್ಸ್ ನಗರದ ಮುತ್ತಿಗೆಯ ಕಥೆಯನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ಉಳಿದವರು ಕೇಳುತ್ತಿದ್ದಾರೆ. ಏನು ನಡೀತಿದೆ ಎಂದು ಅವನು ವಿಚಾರಿಸಿದರೆ ಕ್ರಿಸೈಡ್ ಕಥೆ ಹೇಳಿ, ಪುಸ್ತಕ ತೋರಿಸಿ, ಇಗೋ ಈ ಕೆಂಪು ಅಕ್ಷರದ ಹತ್ತಿರ ನಿಲ್ಲಿಸಿದ್ದೇವೆ ಅನ್ನುತ್ತಾಳೆ.

ಆ ಕೆಂಪು ಅಕ್ಷರ ಅಂದರೆ ಅಧ್ಯಾಯದ ತಲೆಬರಹ. ನಮಗೆ ಅದು ಬರೀ ಅಲಂಕಾರ. ಅವರಿಗೆ ಅದು ಓದುವವಳು ಉಸಿರು ಬಿಡುವ ಜಾಗ, ಕೇಳುವವರು ಎದ್ದು ಓಡಾಡುವ ಜಾಗ. ಹಳೆಯ ಇಂಗ್ಲಿಷ್ ಹಸ್ತಪ್ರತಿಗಳ ಪುಟವಿನ್ಯಾಸವನ್ನು ಹೀಗೆ ದನಿಯ ಜೊತೆ ಇಟ್ಟುಕೊಂಡು ನೋಡಿದರೇನೇ ಅದು ಬಾಯಿ ಬಿಡುವುದು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಚಿತ್ರದ ಹಾಗೆ ನೋಡಿದರೆ ಅರ್ಧ ನೋಡಿದಂತೆ.

ಹಾಗಾಗಿ ಒಂದೇ ಪುಟ ತೆಗೆದುಕೊಳ್ಳೋಣ. ಮೊದಲು ಕಣ್ಣಲ್ಲಿ ಓದಿ, ಆಮೇಲೆ ಬಾಯಲ್ಲಿ ಓದೋಣ. ಇಂಗ್ಲಿಷ್ ಸಾಹಿತ್ಯದ ಪದವಿ ಬೇಕಿಲ್ಲ. ಇಂಟರ್ನೆಟ್, ಪೆನ್ಸಿಲ್, ಒಂದು ಪ್ರಿಂಟ್‌ಔಟ್, ಪಕ್ಕದ ಮನೆಯವರ ಸಹನೆ ಇದ್ದರೆ ಸಾಕು.

ಒಂದು: ಪುಟ ಹುಡುಕಿಕೊಳ್ಳಿ

ನಾವು ಓದುವುದು ಚಾಸರ್‌ನ ‘ಕ್ಯಾಂಟರ್‌ಬರಿ ಟೇಲ್ಸ್’ನ ಮೊದಲ 18 ಸಾಲು. ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರು ದಾರಿಯಲ್ಲಿ ಒಬ್ಬೊಬ್ಬರಾಗಿ ಹೇಳುವ ಕಥೆಗಳ ಪುಸ್ತಕ ಅದು. ಚಾಸರ್ ತೀರಿಕೊಂಡದ್ದು 1400ರಲ್ಲಿ. ಅವನ ಕೈಬರಹದ ಪ್ರತಿ ಉಳಿದಿಲ್ಲ. ಉಳಿದವುಗಳಲ್ಲಿ ಅತ್ಯಂತ ಹಳೆಯವು ಎಂದು ಎಣಿಸುವವು ಎರಡು.

ಮೊದಲನೆಯದು ಎಲ್ಸ್‌ಮಿಯರ್ ಪ್ರತಿ. ಕ್ಯಾಲಿಫೋರ್ನಿಯಾದ ಸ್ಯಾನ್ ಮರಿನೊದಲ್ಲಿರುವ ಹಂಟಿಂಗ್ಟನ್ ಲೈಬ್ರರಿಯಲ್ಲಿದೆ. ಹೆನ್ರಿ ಹಂಟಿಂಗ್ಟನ್ ಇದನ್ನು 1917ರಲ್ಲಿ ಕೊಂಡರು. ಪುಟ ಸುಮಾರು 40 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲ. ಮಡಿಲಲ್ಲಿಟ್ಟು ಓದುವ ಪುಸ್ತಕ ಅಲ್ಲ, ಮೇಜಿನ ಮೇಲೆ ಹರಡಿ ಓದುವಂಥದ್ದು. ಎರಡನೆಯದು ಹೆಂಗ್‌ವರ್ಟ್ ಪ್ರತಿ, ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಇದು ಬಡವರ ಮನೆಯ ಕೂಸು. ಚಿತ್ರವಿಲ್ಲ, ಆಡಂಬರ ಕಡಿಮೆ, ಅಂಚುಗಳನ್ನು ಇಲಿಗಳು ತಿಂದಿವೆ. ಆದರೆ ಪಾಠದ (ಅಂದರೆ ಬರೆದ ಸಾಲುಗಳ) ವಿಷಯದಲ್ಲಿ ಇದನ್ನೇ ಹೆಚ್ಚು ನಂಬುವ ವಿದ್ವಾಂಸರು ತುಂಬ ಜನ ಇದ್ದಾರೆ.

ಎರಡನ್ನೂ ಬರೆದದ್ದು ಒಂದೇ ಕೈ ಎಂದು ಹೆಚ್ಚಿನವರು ಒಪ್ಪುತ್ತಾರೆ. ಆ ಲಿಪಿಕಾರನ ಹೆಸರು ಆಡಮ್ ಪಿಂಕ್‌ಹರ್ಸ್ಟ್ ಎಂದು 2004ರಲ್ಲಿ ಲಿನ್ ಮೂನಿ ಎಂಬ ವಿದ್ವಾಂಸೆ ಹೇಳಿದರು. ದೊಡ್ಡ ಸುದ್ದಿಯಾಯಿತು. ಆ ಗುರುತನ್ನು ಎಲ್ಲರೂ ಒಪ್ಪಿಲ್ಲ, ಜಗಳ ಇನ್ನೂ ಇದೆ.

ಎರಡರ ಚಿತ್ರಗಳನ್ನೂ ಆಯಾ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಎಲ್ಸ್‌ಮಿಯರ್‌ನ ಮೊದಲ ಪುಟ ತೆರೆದು, ಅದೇ 18 ಸಾಲುಗಳ ಅಚ್ಚಾದ ಪಾಠವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬರೀ ಹಸ್ತಪ್ರತಿಯಿಂದ ಓದುತ್ತೇನೆ ಎಂಬ ಹಠ ಮೊದಲ ದಿನ ಬೇಡ.

ಎರಡು: ಓದಬೇಡಿ, ಸುಮ್ನೆ ನೋಡಿ

ಚಿತ್ರವನ್ನು ದೊಡ್ಡದು ಮಾಡಬೇಡಿ. ಇಡೀ ಪುಟ ಒಟ್ಟಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಬಂಗಾರ, ಬಣ್ಣ ಹಾಕಿ ಬರೆದ ದೊಡ್ಡ ಡಬ್ಲ್ಯೂ ಅಕ್ಷರಕ್ಕೆ. ಅಲ್ಲಿಂದ ಬಳ್ಳಿ ಎಲೆಗಳ ಅಂಚು ಪುಟವನ್ನು ಬಳಸಿಕೊಂಡು ಹೋಗುತ್ತದೆ. ಪುಟದ ಸುತ್ತ ಧಾರಾಳವಾಗಿ ಖಾಲಿ ಜಾಗ. ಕರುವಿನ ಚರ್ಮವನ್ನು ಹದ ಮಾಡಿ ತಯಾರಿಸಿದ ಹಾಳೆ ಅಗ್ಗದ್ದಲ್ಲ. ಅದರಲ್ಲಿ ಇಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಅಂದರೆ ಮಾಡಿಸಿದವರು ಕೈತುಂಬ ದುಡ್ಡಿದ್ದವರು.

ಈಗ ಪುಟ ತಿರುಗಿಸುತ್ತಾ ಹೋಗಿ. ಇಲ್ಲಿ ನಿಜವಾದ ಜಾಣತನ ಕಾಣುತ್ತದೆ. ಎಲ್ಸ್‌ಮಿಯರ್‌ನಲ್ಲಿ ಯಾತ್ರಿಕರ 23 ಚಿತ್ರಗಳಿವೆ, ಚಾಸರ್‌ನದೂ ಸೇರಿ. ಯಾತ್ರಿಕರ ವರ್ಣನೆ ಬರುವುದು ಪುಸ್ತಕದ ಆರಂಭದ ಪೀಠಿಕೆಯಲ್ಲಿ. ಚಿತ್ರಗಳೂ ಅಲ್ಲೇ ಇರಬೇಕಿತ್ತು, ಅಲ್ವಾ? ಅಲ್ಲಿಲ್ಲ. ಪ್ರತಿಯೊಬ್ಬರ ಚಿತ್ರವೂ ಅವರವರ ಕಥೆ ಶುರುವಾಗುವ ಕಡೆ, ಅಂಚಿನಲ್ಲಿದೆ. ಗಿರಣಿಯವನು ಕುದುರೆ ಮೇಲೆ ಕೂತು ಚೀಲವಾದ್ಯ ಊದುತ್ತಿದ್ದಾನೆ. ಬಾತ್ ಊರಿನ ಹೆಂಗಸು ಅಗಲ ಟೋಪಿ ಹಾಕಿ ಚಾಟಿ ಹಿಡಿದಿದ್ದಾಳೆ. ಅಡುಗೆಯವನ ಕಾಲಿನ ಹುಣ್ಣಿನ ಪಟ್ಟಿಯನ್ನೂ ಬಿಟ್ಟಿಲ್ಲ. ಚಾಸರ್‌ನ ಚಿತ್ರ ಅವನೇ ಹೇಳುವ ಮೆಲಿಬೀಯ ಕಥೆಯ ಪಕ್ಕದಲ್ಲಿದೆ, ಕೈ ಪಾಠದ ಕಡೆ ತೋರಿಸುತ್ತದೆ.

ಅಂದರೆ ಈ ಚಿತ್ರಗಳು ವರ್ಣನೆಗೆ ಬರೆದವಲ್ಲ. ‘ಈಗ ಮಾತಾಡುವವರು ಇವರು’ ಎಂದು ಓದುಗನಿಗೆ ಕೊಡುವ ಸೂಚನೆ. ಇಲ್ಲಿಂದ ನಿಮ್ಮ ದನಿ ಬದಲಾಗಬೇಕು, ಅಷ್ಟೇ.

ಮೂರು: ಅಕ್ಷರದ ಪರಿಚಯ

ಇನ್ನು ಚಿತ್ರವನ್ನು ದೊಡ್ಡದು ಮಾಡಿ. ಮೊದಲ ನೋಟಕ್ಕೆ ಗಾಬರಿಯಾಗುತ್ತದೆ. ತೊಂದರೆ ಕೊಡುವ ಅಕ್ಷರ ನಿಜಕ್ಕೂ ಕೆಲವೇ.

ಎಸ್ ಅಕ್ಷರ ಪದದ ಮೊದಲಲ್ಲಿ, ನಡುವಿನಲ್ಲಿ ಉದ್ದ ಕೋಲಿನ ಹಾಗಿರುತ್ತದೆ, ಎಫ್ ಅಂತ ಮೋಸ ಹೋಗುತ್ತೀರಿ. ಆರ್ ಅಕ್ಷರದ ಬಾಲ ಗೆರೆಯ ಕೆಳಗೆ ಇಳಿಯುತ್ತದೆ. ಓ ಅಕ್ಷರದ ಪಕ್ಕ ಬಂದರೆ ಅದೇ ಆರ್ ಇಂಗ್ಲಿಷ್ ಅಂಕಿ 2ರ ಹಾಗೆ ಕಾಣುತ್ತದೆ. ಎ ಅಕ್ಷರ ಎರಡಂತಸ್ತು. ಯು ಮತ್ತು ವಿ ಬೇರೆ ಬೇರೆ ಅಕ್ಷರಗಳಲ್ಲ. ಪದದ ಮೊದಲಿಗೆ ವಿ ಆಕಾರ, ನಡುವೆ ಯು ಆಕಾರ, ದನಿ ಯಾವುದೇ ಇರಲಿ. ಎಂ, ಎನ್, ಯು, ಐ ಇವೆಲ್ಲ ಒಂದೇ ಥರದ ಸಣ್ಣ ನೇರ ಗೀಟುಗಳು. ಸಾಲಾಗಿ ಬಂದರೆ ಬೇಲಿ ಗೂಟ ಎಣಿಸಿದ ಹಾಗೆ ಎಣಿಸಬೇಕು.

‘ದಟ್’, ‘ವಿಥ್’ ಮುಂತಾದ ದಿನಬಳಕೆಯ ಪದಗಳನ್ನು ಲಿಪಿಕಾರರು ಮೊಟಕು ಮಾಡುತ್ತಿದ್ದರು. ಒಂದಕ್ಷರ ಬರೆದು, ಅದರ ತಲೆಯ ಮೇಲೆ ಚಿಕ್ಕದಾಗಿ ಟಿ ಹಾಕಿದರೆ ಮುಗಿಯಿತು. ಆ ಕೆಳಗಿನ ಅಕ್ಷರ ಹಲವು ಸಲ ಥಾರ್ನ್ ಆಗಿರುತ್ತದೆ. ಥಾರ್ನ್ ಅಂದರೆ ಈಗ ಟಿ, ಎಚ್ ಎರಡನ್ನೂ ಸೇರಿಸಿ ಬರೆಯುವ ದನಿಗೆ ಆಗ ಇದ್ದ ಒಂದೇ ಅಕ್ಷರ. ಪಿ ಅಕ್ಷರದ ಕಾಲಿಗೆ ಅಡ್ಡಗೀಟು ಕಂಡರೆ ‘ಪೆರ್’ ಅಥವಾ ‘ಪರ್’ ಎಂದು ಬಿಡಿಸಿ ಓದಿ.

ನಾಲ್ಕು: ಗೀಟುಗಳನ್ನು ಹುಡುಕಿ

ಈ ಹಂತಕ್ಕೆ ಸಮಯ ಕೊಡಿ. ಪುಟದಲ್ಲಿ ನಾವು ಬಳಸುವ ಚಿಹ್ನೆಗಳು ಇಲ್ಲ. ಉದ್ಧರಣ ಚಿಹ್ನೆ ಇಲ್ಲ, ಪ್ರಶ್ನಾರ್ಥಕ ಹುಡುಕಿದರೂ ಸಿಗುವುದು ಕಷ್ಟ. ಬದಲಿಗೆ ಬಹಳಷ್ಟು ಸಾಲುಗಳ ನಡುವೆ ಒಂದು ಸಣ್ಣ ಓರೆಗೀಟು ಇರುತ್ತದೆ. ‘ಮಾರ್ಚ್ ತಿಂಗಳ ಒಣಹವೆಯನ್ನು’ ಗೀಟು ‘ಬೇರಿನವರೆಗೂ ತೂರಿ’. ಎರಡನೇ ಸಾಲಿನ ಅರ್ಥ ಹೀಗೆ ಎರಡು ತುಂಡಾಗುತ್ತದೆ. ಈ ಗೀಟು ವ್ಯಾಕರಣಕ್ಕೆ ಹಾಕಿದ್ದಲ್ಲ, ಉಸಿರಿಗೆ ಹಾಕಿದ್ದು. ಅಲ್ಲಿ ನಿಲ್ಲಬೇಡಿ, ಕೊಂಚ ತಡೆಯಿರಿ ಸಾಕು. ಚಾಸರ್ ಹಾಕಿದ್ದೋ ಲಿಪಿಕಾರ ಹಾಕಿದ್ದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಆ ಕಾಲದ ಒಬ್ಬ ಪಳಗಿದ ಓದುಗ ಎಲ್ಲಿ ತಡೆಯುತ್ತಿದ್ದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಹೊಸ ಭಾಗ ಶುರುವಾಗುವ ಕಡೆ ಪ್ಯಾರಾಫ್ ಎಂಬ ಬಣ್ಣದ ಗುರುತು ಇರುತ್ತದೆ. ಓರೆಗೀಟು ಅರೆ ಉಸಿರಾದರೆ ಇದು ಪೂರ್ತಿ ಉಸಿರು. ದೊಡ್ಡ ಬಣ್ಣದ ಅಕ್ಷರ ಬಂದರೆ ನೀರು ಕುಡಿಯಬಹುದು.

ಅಂಚಿನಲ್ಲಿ ಲ್ಯಾಟಿನ್ ಟಿಪ್ಪಣಿಗಳು ಸಿಗುತ್ತವೆ, ಮುಖ್ಯವಾಗಿ ಬಾತ್ ಊರಿನ ಹೆಂಗಸಿನ ಪೀಠಿಕೆಯಲ್ಲಿ. ಎಲ್ಸ್‌ಮಿಯರ್‌ನಲ್ಲಿ ಅವು ಹೆಚ್ಚುಕಡಿಮೆ ಮೂಲ ಪಾಠದಷ್ಟೇ ದೊಡ್ಡ ಅಕ್ಷರದಲ್ಲಿವೆ. ಅವಳು ಮದುವೆ ಬಗ್ಗೆ ಜೋರಾಗಿ ವಾದ ಮಾಡುತ್ತಿದ್ದರೆ, ಪಕ್ಕದಲ್ಲಿ ಮದುವೆಗಿಂತ ಬ್ರಹ್ಮಚರ್ಯವೇ ಮೇಲು ಎಂದ ಸಂತ ಜೆರೋಮ್‌ನ ಮಾತು ಗಂಭೀರವಾಗಿ ಕೂತಿರುತ್ತದೆ. ಕಣ್ಣಿಗೆ ಇದು ಒಳ್ಳೇ ತಮಾಷೆ. ಬಾಯಿಗೆ ಬೇಡ, ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಬೇಡಿ.

ಐದು: ಬಾಯಿ ಪಳಗಿಸಿ

ಈಗ ಕನ್ನಡಿಗರಿಗೆ ಖುಷಿಯ ಸುದ್ದಿ. ಚಾಸರ್ ಕಾಲದ ಇಂಗ್ಲಿಷನ್ನು ಹೆಚ್ಚುಕಡಿಮೆ ಬರೆದ ಹಾಗೆಯೇ ಓದಬೇಕು. ಶಾಲೆಯಲ್ಲಿ ‘ಕ್ನೈಫ್’ ಅಂತ ಓದಿ ಬೈಸಿಕೊಂಡವರಿಗೆ ಇಲ್ಲಿ ಪೂರ್ತಿ ಅಂಕ. ಕೆ, ಎನ್ ಜೊತೆಯಾಗಿ ಬಂದರೆ ಎರಡನ್ನೂ ಉಚ್ಚರಿಸಬೇಕು. ‘ಫೋಕ್’ ಪದದಲ್ಲಿ ಎಲ್ ಕೇಳಬೇಕು: ಫೊಲ್ಕ್. ಡಬ್ಲ್ಯೂ, ಆರ್ ಕೂಡಿ ಬಂದರೆ ಎರಡೂ ಕೇಳಬೇಕು. ಆರ್ ಅಂದರೆ ನಮ್ಮ ಗಟ್ಟಿ ‘ರ’, ಲಂಡನ್ನಿನ ನುಂಗಿದ ಆರ್ ಅಲ್ಲ. ಒತ್ತಕ್ಷರ ನಮಗೆ ಕಷ್ಟವೇ ಅಲ್ಲ: ಸೂರ್ಯನಿಗೆ ‘ಸುನ್ನೆ’, ಎರಡು ‘ನ’ ಸ್ಪಷ್ಟವಾಗಿ.

ಸ್ವರಗಳು ಈಗಿನ ಇಂಗ್ಲಿಷ್‌ಗಿಂತ ಬೇರೆ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬದಲಿಸಿದವು. ಚಾಸರ್ ಅದಕ್ಕೂ ಹಿಂದಿನವನು. ಹಾಗಾಗಿ ‘ನೇಮ್’ ಅಲ್ಲ, ನಾಮೆ. ‘ಟೈಮ್’ ಅಲ್ಲ, ಟೀಮೆ. ‘ಹೌಸ್’ ಅಲ್ಲ, ಹೂಸ್. ‘ಫ್ಲವರ್’ ಅಲ್ಲ, ಫ್ಲೂರ್. ‘ರೂಟ್’ ಅಲ್ಲ, ರೋಟೆ. ಜಿ, ಎಚ್ ಕೂಡಿ ಬಂದರೆ ಗಂಟಲು ಉಜ್ಜಿ ಬರುವ ‘ಖ್’. ನಮ್ಮ ಮಹಾಪ್ರಾಣ ‘ಖ’ ಅಲ್ಲ, ಉರ್ದು ಬಲ್ಲವರು ‘ಖುದಾ’ ಅನ್ನುವಾಗ ಕೇಳುವ ದನಿ. ನೈಟ್ ಎಂಬ ಯೋಧ ಚಾಸರ್ ಬಾಯಲ್ಲಿ ‘ಕ್ನಿಖ್ಟ್’.

ಮೊದಲ ನಾಲ್ಕು ಸಾಲು ಕನ್ನಡದಲ್ಲಿ ಬರೆದರೆ ಸುಮಾರಾಗಿ ಹೀಗೆ:

ಹ್ವನ್ ದಟ್ ಆಪ್ರಿಲ್ ವಿಥ್ ಹಿಸ್ ಶೂರೆಸ್ ಸೋಟೆ
ದೆ ಡ್ರೂಖ್ಟ್ ಒಫ್ ಮಾರ್ಚ್ / ಹಥ್ ಪೆರ್ಸೆಡ್ ಟೊ ದೆ ರೋಟೆ
ಅಂಡ್ ಬಾದೆಡ್ ಎವ್ರಿ ವೆಯ್ನ್ ಇನ್ ಸ್ವಿಚ್ ಲಿಕೂರ್
ಒಫ್ ಹ್ವಿಚ್ ವೆರ್‌ಟ್ಯೂ ಎನ್‌ಜೆಂಡ್ರೆಡ್ ಇಸ್ ದೆ ಫ್ಲೂರ್

ಏಪ್ರಿಲ್ ತನ್ನ ಸಿಹಿ ಮಳೆಯಿಂದ ಮಾರ್ಚ್‌ನ ಒಣಹವೆಯನ್ನು ಬೇರಿನತನಕ ತೂರಿ, ಗಿಡದ ನರನರಕ್ಕೂ ಹೂವರಳಿಸುವ ಶಕ್ತಿಯ ರಸ ತುಂಬಿದಾಗ, ಎಂದು ಅರ್ಥ.

ಇದೆಲ್ಲ ಹೇಗೆ ಗೊತ್ತು ಅಂತ ಕೇಳಿದರೆ, ಮೂರನೇ ನಾಲ್ಕನೇ ಸಾಲಿನ ಕೊನೆ ನೋಡಿ. ಲಿಕೂರ್, ಫ್ಲೂರ್. ಈಗಿನ ಉಚ್ಚಾರದಲ್ಲಿ ‘ಲಿಕರ್’, ‘ಫ್ಲವರ್’ ಪ್ರಾಸವೇ ಆಗುವುದಿಲ್ಲ. ಲಿಕೂರ್‌ನಲ್ಲಿ ಒತ್ತು ಎರಡನೇ ಅಕ್ಷರದ ಮೇಲೆ ಬೀಳಬೇಕು, ಫ್ರೆಂಚಿನಿಂದ ಬಂದ ಪದಗಳ ಗುಣವೇ ಅದು. 11 ಮತ್ತು 12ನೇ ಸಾಲುಗಳ ಕೊನೆಯ ಕೊರಾಜೆಸ್, ಪಿಲ್‌ಗ್ರಿಮಾಜೆಸ್ ಕೂಡ ಹಾಗೇ, ‘ರಾ’ ಮತ್ತು ‘ಮಾ’ ಮೇಲೆ ಭಾರ ಹಾಕಿ.

ಇನ್ನು ನಮ್ಮ ನಾಲಿಗೆ ಮಾಡುವ ತುಂಟತನಗಳು. ಬಸ್ಸು, ಕಾರು ಅಂತ ಹೇಳಿ ಹೇಳಿ ನಮಗೆ ವ್ಯಂಜನಕ್ಕೆ ಒಂದು ‘ಉ’ ಅಂಟಿಸುವ ಚಾಳಿ. ‘ಮಾರ್ಚು’, ‘ಫ್ಲೂರು’ ಅಂದಿರೋ, ಸಾಲಿಗೆ ಒಂದು ಮಾತ್ರೆ ಜಾಸ್ತಿಯಾಗಿ ಲಯ ಕುಂಟುತ್ತದೆ. ಮೊದಲಲ್ಲಿ ಬರುವ ಎ, ಒ ಸ್ವರಗಳಿಗೆ ‘ಯ’, ‘ವ’ ಸೇರಿಸುವುದೂ ಹಾಗೇ: ‘ಯೆವ್ರಿ’, ‘ವೊಫ್’ ಬೇಡ. ‘ಟ’ ಹೇಳುವಾಗ ನಾಲಿಗೆಯನ್ನು ಹಿಂದಕ್ಕೆ ಮಡಿಸದೆ ಹಲ್ಲಿನ ಹಿಂಭಾಗದ ಒಸಡಿಗೆ ತಾಗಿಸಿ.

ಆರು: ಕೊನೆಯ ‘ಎ’ ಎಂಬ ತಲೆನೋವು

ಪದದ ಕೊನೆಯ ‘ಎ’ಯನ್ನು ಚಾಸರ್‌ನ ಪದ್ಯದಲ್ಲಿ ಹಲವು ಸಲ ಉಚ್ಚರಿಸಬೇಕು. ಗಟ್ಟಿಯಾಗಿ ಅಲ್ಲ, ಅ ಮತ್ತು ಎ ನಡುವಿನ ಹಗುರ ದನಿ. ಮುಂದಿನ ಪದ ಸ್ವರದಿಂದ ಶುರುವಾದರೆ ಅದು ಬಿದ್ದುಹೋಗುತ್ತದೆ. ಎರಡನೇ ಸಾಲಿನ ‘ಡ್ರೂಖ್ಟೆ’ ಮುಂದೆ ‘ಒಫ್’ ಬಂದದ್ದರಿಂದ ‘ಡ್ರೂಖ್ಟ್ ಒಫ್’ ಆಯಿತು. ಲೋಪಸಂಧಿ ಬಲ್ಲ ನಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಸಾಲಿನ ಕೊನೆಯ ‘ಸೋಟೆ’, ‘ರೋಟೆ’ಗಳಲ್ಲಿ ಮಾತ್ರ ಅದನ್ನು ಉಳಿಸಿಕೊಳ್ಳಿ.

ಕಷ್ಟ ಬರುವುದು ಮೊದಲ ಸಾಲಿನಲ್ಲೇ. ಕೆಲವು ಅಚ್ಚಿನ ಆವೃತ್ತಿಗಳಲ್ಲಿ ‘ಆಪ್ರಿಲ್ಲೆ’ ಎಂದಿದೆ, ಇನ್ನು ಕೆಲವದರಲ್ಲಿ ‘ಆಪ್ರಿಲ್’. ಲಿಪಿಕಾರರು ಎರಡು ಎಲ್ ಬರೆದಾಗ ಅದರ ಮೇಲೆ ಒಂದು ಅಡ್ಡಗೀಟು ಎಳೆಯುವುದು ರೂಢಿ. ಅದು ಕೊನೆಯ ‘ಎ’ಯ ಸಂಕ್ಷೇಪವೋ, ಬರೀ ಕೈಚಳಕವೋ ಎಂಬುದು ಸಂಪಾದಕರಿಗೆ ಇವತ್ತಿಗೂ ತಲೆನೋವು. ಆಪ್ರಿಲ್ಲೆ ಎಂದರೆ ಸಾಲಿಗೆ 11 ಉಚ್ಚಾರಾಂಶ, ಒತ್ತು ‘ದಟ್’ ಮೇಲೆ, ‘ಪ್ರಿಲ್’ ಮೇಲೆ ಬಿದ್ದು ನಯವಾಗಿ ಸಾಗುತ್ತದೆ. ಆಪ್ರಿಲ್ ಎಂದರೆ 10 ಉಚ್ಚಾರಾಂಶ, ಮೊದಲ ಪದ ‘ಹ್ವನ್’ ಮೇಲೇ ಪೆಟ್ಟು ಬಿದ್ದು ಸಾಲು ಧಡಕ್ಕನೆ ಏಳುತ್ತದೆ. ಒಂದು ಸಣ್ಣ ಮಸಿಗೀಟನ್ನು ಏನೆಂದು ತಿಳಿಯುತ್ತೀರಿ ಎನ್ನುವುದರ ಮೇಲೆ ಇಡೀ ಕಾವ್ಯದ ಮೊದಲ ಹೆಜ್ಜೆ ನಿಂತಿದೆ. ಎರಡೂ ರೀತಿ ಓದಿ ನೋಡಿ. ನನಗೆ ಎರಡನೆಯದೇ ಇಷ್ಟ. ಗದ್ದಲದ ಕೋಣೆಯಲ್ಲಿ ಓದಲು ನಿಂತವನಿಗೆ ಮೊದಲ ಪದದ ಪೆಟ್ಟು ಬೇಕಾಗುತ್ತದೆ.

ಚಾಸರ್‌ಗೂ ಈ ಭಯ ಇತ್ತು. ಟ್ರಾಯ್ಲಸ್ ಕಾವ್ಯದ ಕೊನೆಗೆ ಅವನು ತನ್ನ ಪುಸ್ತಕಕ್ಕೇ ಹೇಳುತ್ತಾನೆ: ಇಂಗ್ಲಿಷ್ ನುಡಿಯಲ್ಲೂ ಬರಹದಲ್ಲೂ ಇಷ್ಟೊಂದು ವ್ಯತ್ಯಾಸ ಇರುವಾಗ ಯಾರೂ ನಿನ್ನನ್ನು ತಪ್ಪಾಗಿ ಬರೆಯದಿರಲಿ, ನಾಲಿಗೆ ಸರಿಯಿಲ್ಲದೆ ನಿನ್ನ ಛಂದಸ್ಸು ಕೆಡಿಸದಿರಲಿ. ಕೈತಪ್ಪು, ಬಾಯಿತಪ್ಪು ಎರಡನ್ನೂ ಒಂದೇ ಉಸಿರಲ್ಲಿ ಬೇಡಿಕೊಂಡಿದ್ದಾನೆ.

ಪ್ರಿಂಟ್‌ಔಟ್‌ನಲ್ಲಿ ಬಿದ್ದುಹೋಗುವ ಪ್ರತಿ ‘ಎ’ ಕೆಳಗೂ ಪೆನ್ಸಿಲಿನಿಂದ ಚುಕ್ಕಿ ಇಡಿ. ಬೇಡವಾದ ಅಕ್ಷರದ ಕೆಳಗೆ ಚುಕ್ಕಿ ಇಡುವುದು ಲಿಪಿಕಾರರದೇ ಪದ್ಧತಿ, ಚರ್ಮ ಕೆರೆಯುವ ಶ್ರಮ ಉಳಿಸಲು.

ಏಳು: 18 ಸಾಲು, ಒಂದೇ ವಾಕ್ಯ

ಈಗ ಎದ್ದು ನಿಂತು ಓದಿ. ಕೂತು ಓದಿದರೆ ಹೊಟ್ಟೆ ಮಡಿಸಿ ಉಸಿರು ಸಾಲದೆ ಹೋಗುತ್ತದೆ.

ಹೆಚ್ಚಿನವರು ಸೋಲುವುದು ಪ್ರತಿ ಸಾಲಿನ ಕೊನೆಗೂ ದನಿ ಇಳಿಸಿ. ಈ 18 ಸಾಲು ಒಂದೇ ವಾಕ್ಯ. ಮೊದಲ ಸಾಲಲ್ಲಿ ‘ಯಾವಾಗ’, ಐದನೇ ಸಾಲಲ್ಲಿ ಇನ್ನೊಂದು ‘ಯಾವಾಗ’. ಮಳೆ, ಗಾಳಿ, ಚಿಗುರು, ಸೂರ್ಯ, ಕಣ್ಣು ಬಿಟ್ಟೇ ಮಲಗುವ ಹಕ್ಕಿಗಳು ಎಲ್ಲ ಬಂದು ಹೋಗುತ್ತವೆ. ‘ಆಗ’ ಎಂಬ ಪದ ಸಿಗುವುದು 12ನೇ ಸಾಲಿಗೆ: ಆಗ ಜನರಿಗೆ ಯಾತ್ರೆ ಹೋಗುವ ಆಸೆಯಾಗುತ್ತದೆ. ಅಲ್ಲಿಯವರೆಗೆ ದನಿಯನ್ನು ಕೆಳಗಿಡಬೇಡಿ, ಪ್ರಾಸದ ಹತ್ತಿರ ಸ್ವಲ್ಪ ತಡೆದು ಮುಂದೆ ತಳ್ಳಿ. 12ಕ್ಕೆ ಬಂದಾಗ ಹಗುರವಾಗಿ ಬಿಡಿ. ಕೊನೆಯ ಎರಡು ಸಾಲಿನ ಪ್ರಾಸ ‘ಸೇಕೆ’, ‘ಸೇಕೆ’. ಒಂದರ ಅರ್ಥ ಹುಡುಕುವುದು, ಇನ್ನೊಂದರದು ಕಾಯಿಲೆಯವರು. ಕ್ಯಾಂಟರ್‌ಬರಿಯಲ್ಲಿ 1170ರಲ್ಲಿ ಕೊಲೆಯಾದ ಥಾಮಸ್ ಬೆಕೆಟ್‌ನನ್ನು, ಕಾಯಿಲೆಯಲ್ಲಿ ಕಾಪಾಡಿದ ಆ ಸಂತನನ್ನು, ಹುಡುಕಿಕೊಂಡು ಹೊರಟಿದ್ದಾರೆ. ಒಂದೇ ದನಿಯ ಇಂಥ ಪ್ರಾಸ ಆಗ ಜಾಣತನದ ಲೆಕ್ಕ. ಮುಜುಗರಪಟ್ಟು ನುಂಗಬೇಡಿ.

ಇಡೀ ಭಾಗಕ್ಕೆ ಸುಮಾರು ಒಂದು ನಿಮಿಷ ಸಾಕು. ಗಮಕದ ಹಾಗೆ ರಾಗ ಎಳೆಯುವ ಆಸೆಯಾಗುತ್ತದೆ, ಬೇಡ. ಇದು ಮಾತಿಗೆ ಹತ್ತಿರದ ಪದ್ಯ. ನಿಮ್ಮ ಓದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಹಾರ್ವರ್ಡ್ ವಿಶ್ವವಿದ್ಯಾಲಯದ ಚಾಸರ್ ಜಾಲತಾಣದಲ್ಲಿರುವ ಧ್ವನಿಮುದ್ರಣದ ಜೊತೆ ಹೋಲಿಸಿ. ಮೊದಲೇ ಅದನ್ನು ಕೇಳಬೇಡಿ, ಕೇಳಿದರೆ ಅನುಕರಣೆ ಶುರುವಾಗುತ್ತದೆ.

ಎಂಟು: ಕೇಳುವವರ ಮುಂದೆ

ಕೇಳುವವರಿಗೆ ಮೊದಲು ಕಥೆಯ ಸಾರ ಕನ್ನಡದಲ್ಲಿ ಹೇಳಿ, ಪುಟದ ಚಿತ್ರ ಕೈಗೆ ಕೊಡಿ, ಅಚ್ಚಿನ ಪಾಠ ಕೊಡಬೇಡಿ. ಕೊಟ್ಟರೆ ಕಣ್ಣು ಈಗಿನ ಇಂಗ್ಲಿಷನ್ನೇ ಹುಡುಕುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ.

ಎಷ್ಟು ಅಭಿನಯ ಬೇಕು? ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿರುವ ಟ್ರಾಯ್ಲಸ್ ಪ್ರತಿಯ ಮುಖಚಿತ್ರದಲ್ಲಿ ಕಟ್ಟೆಯಂಥ ಜಾಗದಲ್ಲಿ ಒಬ್ಬ ನಿಂತಿದ್ದಾನೆ, ಸುತ್ತ ಆಸ್ಥಾನದವರು ಕೂತಿದ್ದಾರೆ. ಅವನು ಚಾಸರ್ ಎಂದು ವಾಡಿಕೆ. ಅವನ ಮುಂದೆ ಪುಸ್ತಕ ಮಾತ್ರ ಇಲ್ಲ. ಓದುತ್ತಿದ್ದಾನೋ, ಬಾಯಿಪಾಠ ಹೇಳುತ್ತಿದ್ದಾನೋ, ಉಪದೇಶ ಮಾಡುತ್ತಿದ್ದಾನೋ, ಇದರ ಮೇಲೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಅದೇ ಪ್ರತಿಯಲ್ಲಿ ಮುಂದೆ ಚಿತ್ರಕ್ಕಾಗಿ ಬಿಟ್ಟ ಸುಮಾರು 90 ಜಾಗಗಳು ಖಾಲಿಯೇ ಉಳಿದಿವೆ.

ನನ್ನ ಸಲಹೆ: ಪೀಠಿಕೆಗೆ ಅಭಿನಯ ಬೇಡ, ಕಥೆಗಳಿಗೆ ಬೇಕು. ಗಿರಣಿಯವನ ಕಥೆಗೆ ಮುಂಚೆ ಚಾಸರ್ ಕೊಡುವ ಎಚ್ಚರಿಕೆ ಓದುವಾಗ ಕೈಯಲ್ಲಿ ಪುಟ ಇರಲೇಬೇಕು. ಇದನ್ನು ಕೇಳಲು ಇಷ್ಟವಿಲ್ಲದವರು ಹಾಳೆ ತಿರುಗಿಸಿ ಬೇರೆ ಕಥೆ ಆರಿಸಿಕೊಳ್ಳಿ ಅನ್ನುತ್ತಾನೆ. ಕೇಳುವವರು ಹಾಳೆ ತಿರುಗಿಸುವುದು ಹೇಗೆ? ಅವನ ಮನಸ್ಸಿನಲ್ಲಿ ಕೇಳುವವರೂ ಇದ್ದರು, ಪುಸ್ತಕ ಹಿಡಿದವರೂ ಇದ್ದರು. ಆ ಸಾಲಿಗೆ ನೀವು ನಿಜವಾಗಿಯೂ ಹಾಳೆ ತಿರುಗಿಸುವ ಹಾಗೆ ಮಾಡಿದರೆ ನಗು ಗ್ಯಾರಂಟಿ.

ಮುಂದೆ ಯಾವ ಪುಟ?

ಇದು ಕೈಗೆ ಹತ್ತಿದ ಮೇಲೆ ಬೇರೆ ಥರದ ಪುಟಗಳಿಗೆ ಹೋಗಿ. ಸುಮಾರು 1000ನೇ ಇಸವಿಯ ‘ಬೇವುಲ್ಫ್’ ಎಂಬ ವೀರಕಾವ್ಯದ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. 1731ರ ಬೆಂಕಿಯಲ್ಲಿ ಅಂಚು ಸುಟ್ಟಿದೆ. ಪದ್ಯವಾದರೂ ಗದ್ಯದ ಹಾಗೆ ಒತ್ತಾಗಿ ಬರೆದಿದ್ದಾರೆ. ಸಾಲು ಎಲ್ಲಿ ಮುಗಿಯಿತು ಎಂದು ಕಣ್ಣು ಹೇಳುವುದಿಲ್ಲ, ಪದಗಳ ಮೊದಲ ದನಿ ಮರಳಿ ಬರುವುದನ್ನು ಕಿವಿಯೇ ಹಿಡಿಯಬೇಕು. ಅಲ್ಲೇ ಇರುವ, ಆರ್ಥರ್ ರಾಜನ ಯೋಧನೊಬ್ಬನ ಕಥೆಯಾದ ಸರ್ ಗವೇನ್ ಕಾವ್ಯದ ಪ್ರತಿಯಲ್ಲಿ ಪ್ರತಿ ಪದ್ಯದ ಕೊನೆಯ ಹತ್ತಿರ ಬರುವ ಪುಟ್ಟ ಸಾಲನ್ನು ಬಲಗಡೆ ಅಂಚಿನಲ್ಲಿ ಬರೆದಿದ್ದಾರೆ. ಅದನ್ನು ಯಾವಾಗ ಓದಬೇಕು ಎನ್ನುವುದೇ ಒಂದು ಆಟ. 2023ರ ಅಕ್ಟೋಬರಿನ ಸೈಬರ್ ದಾಳಿಯ ನಂತರ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಹಸ್ತಪ್ರತಿಗಳು ನಿಧಾನಕ್ಕೆ ಮರಳಿವೆ, ಬೇಕಾದ ಪುಟ ಸಿಗದಿದ್ದರೆ ಆಗಾಗ ನೋಡುತ್ತಿರಿ.

ಹಾಡಲೇಬೇಕು ಅನ್ನುವವರಿಗೆ ಅದೇ ಗ್ರಂಥಾಲಯದ ಹಾರ್ಲಿ 978 ಎಂಬ ಹಸ್ತಪ್ರತಿ ಇದೆ. ರೆಡಿಂಗ್ ಮಠದ 13ನೇ ಶತಮಾನದ ಪ್ರತಿ. ‘ಸುಮರ್ ಇಸ್ ಇಕುಮೆನ್ ಇನ್’ ಎಂಬ ಬೇಸಿಗೆಯ ಹಾಡನ್ನು ಸ್ವರಲಿಪಿ ಸಮೇತ ಬರೆದಿದ್ದಾರೆ. ಮೊದಲಿನವನು ಪುಟದಲ್ಲಿರುವ ಶಿಲುಬೆ ಗುರುತು ದಾಟಿದ ಕೂಡಲೇ ಎರಡನೆಯವನು ಮೊದಲಿನಿಂದ ಶುರು ಮಾಡಬೇಕು, ಆಮೇಲೆ ಮೂರನೆಯವನು, ನಾಲ್ಕನೆಯವನು. ಕೆಳಗೆ ಪಲ್ಲವಿ ಹಿಡಿಯುವವರು ಬೇರೆ. ನಾಲ್ವರು ಗೆಳೆಯರು ಹಾಡಬಹುದು, ಮೂವರಿಗಿಂತ ಕಡಿಮೆ ಬೇಡ, ತೀರಾ ಆಗದಿದ್ದರೆ ಇಬ್ಬರಾದರೂ ಇರಲಿ ಎಂದು ಲ್ಯಾಟಿನ್‌ನಲ್ಲಿ ಆ ಪುಟದಲ್ಲೇ ಬರೆದಿಟ್ಟಿದ್ದಾರೆ.